ಡಿಗ್ರಿ ಸೀಟು ಕಷ್ಟವೋ, ಪಿಜಿ ಸೀಟು ಕಷ್ಟವೋ?

[ದೃಶ್ಯ: ತುಮಕೂರು, ಬಿ.ಎಚ್. ರಸ್ತೆ, ಕಾಲೇಜು ಬಿಡುವ ಹೊತ್ತು]

ನಮಸ್ಕಾರ. ಐಐಟಿ ಎಂಜಿನಿಯರಿಂಗ್ ಸೀಟಿಗೆ ಬರೆಯುವ ಜೆಇಇ ಪರೀಕ್ಷೆಯ ಫಲಿತಾಂಶ ಬಂದ ದಿನ ನಮ್ಮ ಬೀದಿಯ ಹುಡುಗನೊಬ್ಬ ಕೇಳಿದ: "ಅಣ್ಣಾ, ಇನ್ನು ಐಐಟಿ ಆಸೆ ಬಿಡಬೇಕು, ಅಲ್ವಾ?" ಅವನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ಪಿಯುಸಿ ಮುಗಿಸಿದವರ ಬಾಗಿಲಲ್ಲಿ ನೂಕುನುಗ್ಗಲು. 2024ರಲ್ಲಿ ಮೊದಲ ಹಂತದ ಜೆಇಇ ಮೇನ್ ಬರೆದವರು 14 ಲಕ್ಷಕ್ಕೂ ಜಾಸ್ತಿ. ಎರಡನೇ ಹಂತದ ಜೆಇಇ ಅಡ್ವಾನ್ಸ್‌ಡ್‌ಗೆ ಅರ್ಹರಾಗುವವರು ಸುಮಾರು 2.5 ಲಕ್ಷ. ಐಐಟಿಗಳಲ್ಲಿದ್ದ ಸೀಟು ಸುಮಾರು 17,700. ಮೇನ್ ಪತ್ರಿಕೆ ಕನ್ನಡದಲ್ಲೂ ಸಿಗುತ್ತದೆ. ಅಡ್ವಾನ್ಸ್‌ಡ್ ಇಂಗ್ಲಿಷ್, ಹಿಂದಿಯಲ್ಲಷ್ಟೇ. ಅದನ್ನು ಬರೆಯಲು ಸಿಗುವುದು ಎರಡೇ ಸಲ, ಅದೂ ಒಂದರ ಹಿಂದೊಂದು ವರ್ಷ. ಪಾವಗಡದ ಸರ್ಕಾರಿ ಕಾಲೇಜಿನ ಹುಡುಗಿಗೂ, ಎಂಟನೇ ತರಗತಿಯಿಂದ ಕೋಚಿಂಗ್‌ಗೆ ಹೋದವಳಿಗೂ ಒಂದೇ ಪತ್ರಿಕೆ. ಇದು ನನ್ನ ಮನಸ್ಸಿಗೆ ತುಂಬಾ ಚುಚ್ಚುತ್ತದೆ.

ನಮ್ಮ ರಾಜ್ಯದ ಪ್ರವೇಶ ಪರೀಕ್ಷೆ ಸಿಇಟಿ ಸ್ವಲ್ಪ ಮೆದು. ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿ ಅಂಕ ಅರ್ಧ, ಸಿಇಟಿ ಅಂಕ ಅರ್ಧ.

[ದೃಶ್ಯ: ಕಪ್ಪುಹಲಗೆ. ಒಂದು ಕಡೆ ಜೆಇಇ, ಇನ್ನೊಂದು ಕಡೆ ಜಾಮ್, ಗೇಟ್]

ಪಿಜಿ, ಅಂದರೆ ಡಿಗ್ರಿ ನಂತರದ ಓದಿನ ಕಡೆ ಬನ್ನಿ. ಎಂಟೆಕ್‌ಗೆ ಗೇಟ್ ಪರೀಕ್ಷೆ, ಐಐಟಿ ಎಂಎಸ್ಸಿಗೆ ಜಾಮ್ ಪರೀಕ್ಷೆ. ಕ್ಯೂ ಚಿಕ್ಕದು. ಆದರೆ ನಿಂತವರೆಲ್ಲ ಅದೇ ವಿಷಯವನ್ನು ಮೂರ್ನಾಲ್ಕು ವರ್ಷ ಓದಿದವರು. ಜಾಮ್‌ನಲ್ಲಿ ಮೂರು ಗಂಟೆ, 60 ಪ್ರಶ್ನೆ. ಗಣಿತ ಆರಿಸಿಕೊಂಡರೆ ಗಣಿತ ಮಾತ್ರ, ಕೆಮಿಸ್ಟ್ರಿ ಮರೆತಿದ್ದರೂ ಚಿಂತೆಯಿಲ್ಲ. ಸುಮ್ನೆ ಸೂತ್ರ ಉರು ಹೊಡೆದರೆ ಸಾಲದು, ಅದು ಎಲ್ಲಿಂದ ಬಂತು ಅಂತ ಗೊತ್ತಿರಬೇಕು. ವಯಸ್ಸಿನ ಮಿತಿ ಇಲ್ಲ. ಈ ಸಲ ಆಗದಿದ್ದರೆ ಮತ್ತೆ ಬರೆಯಬಹುದು. ಗೇಟ್ ಅಂಕ ಮೂರು ವರ್ಷ ನಡೆಯುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ (ಐಐಎಸ್ಸಿ) ಕೂಡ ಇಂಟಿಗ್ರೇಟೆಡ್ ಪಿಎಚ್‌ಡಿಗೆ (ಬಿಎಸ್ಸಿ ಆದಮೇಲೆ ನೇರ ಸೇರುವ ಪಿಎಚ್‌ಡಿ) ಜಾಮ್ ಅಂಕ ನೋಡುತ್ತದೆ.

ಡಾಕ್ಟರ್ ಓದಿನ ಕತೆ ಬೇರೆ. ಎಂಬಿಬಿಎಸ್ ಸೀಟು ಗೆದ್ದವರೇ ಪಿಜಿ ನೀಟ್‌ನಲ್ಲಿ ಮತ್ತೆ ಎದುರಾಗುತ್ತಾರೆ. ಬೇಕಾದ ವಿಭಾಗ ಸಿಗುವುದು ಇನ್ನೂ ಕಷ್ಟ.

ಉಳಿದಂತೆ, ನಮ್ಮ ಜಿಲ್ಲೆಯ ಮಕ್ಕಳಿಗೆ ಮೊದಲ ಬಾಗಿಲೇ ಜಾಸ್ತಿ ಕಷ್ಟ ಅಂತ ನನ್ನ ಅಭಿಪ್ರಾಯ. ಅಲ್ಲಿ ಹದಿನೇಳರ ವಯಸ್ಸಿಗೇ ಎಲ್ಲ ಗೊತ್ತಿರಬೇಕು. ಎರಡನೆಯದಕ್ಕೆ ಮೂರು ವರ್ಷದ ಸಮಯ ಇದೆ. ಇಲ್ಲೇ ಯೂನಿವರ್ಸಿಟಿ ಸೈನ್ಸ್ ಕಾಲೇಜಿನಲ್ಲಿ ಬಿಎಸ್ಸಿ ಓದುತ್ತಲೇ ತಯಾರಾಗಬಹುದು. ತರಗತಿಯ ಪಾಠವೇ ಪರೀಕ್ಷೆಗೂ ಬುನಾದಿ.

ಒಂದು ಮಾತು ಗಮನದಲ್ಲಿರಲಿ: ಜಾಮ್, ಗೇಟ್ ಎರಡೂ ಇಂಗ್ಲಿಷ್‌ನಲ್ಲೇ. ಕನ್ನಡ ಮಾಧ್ಯಮದವರು ಮೊದಲ ಸೆಮಿಸ್ಟರ್‌ನಿಂದಲೇ ನಿಮ್ಮ ವಿಷಯದ ಇಂಗ್ಲಿಷ್ ಪುಸ್ತಕ ದಿನಕ್ಕೆ ಎರಡು ಪುಟ ಓದಿ. ಅರ್ಥವಾಗದ ಪದವನ್ನು ಮೇಷ್ಟ್ರ ಹತ್ತಿರ ಕೇಳಿ, ನಾಚಬೇಡಿ. ಪರೀಕ್ಷೆ ಫೆಬ್ರವರಿಯಲ್ಲಿ. ಅರ್ಜಿ ಮಾತ್ರ ಹಿಂದಿನ ವರ್ಷ ಸೆಪ್ಟೆಂಬರ್ ಆಸುಪಾಸಿನಲ್ಲೇ ಹಾಕಬೇಕು.