ಬೆಂಗಳೂರಿನಿಂದ ಹೊರಟ ವರದಿಗಾರ

ಕೇಳುಗರಿಗೆ ನಮಸ್ಕಾರ.

1896ರ ಬೆಂಗಳೂರು ದಂಡು. ಕುದುರೆ ಪಡೆಯೊಂದರ ಜೊತೆ ಇಪ್ಪತ್ತೊಂದು ವರ್ಷದ ಅಧಿಕಾರಿಯೊಬ್ಬ ಬಂದಿಳಿದ. ಬೆಳಿಗ್ಗೆ ಕವಾಯತು, ಸಂಜೆ ಪೋಲೊ, ನಡುವಿನ ಬಿಸಿಲು ಹೊತ್ತಿನಲ್ಲಿ ಇತಿಹಾಸದ ಓದು. ಹೆಸರು ವಿನ್‌ಸ್ಟನ್ ಚರ್ಚಿಲ್. ಬೆಂಗಳೂರು ಕ್ಲಬ್ಬಿನಲ್ಲಿ ಆತ ಉಳಿಸಿ ಹೋದ 13 ರೂಪಾಯಿ ಬಾಕಿಯ ಕಥೆಯನ್ನು ನೀವೆಲ್ಲ ಕೇಳಿದ್ದೀರಿ. ನನ್ನನ್ನು ಕಾಡುವುದು ಆತ ಬರೆದದ್ದು, ಮತ್ತು ಬರೆದು ಅಳಿಸಿದ್ದು.

ಮರುವರ್ಷ ವಾಯವ್ಯ ಗಡಿಯ ಮಲಾಕಂಡ್‌ನಲ್ಲಿ ಕಾಳಗ ಎದ್ದಿತು. ಚರ್ಚಿಲ್ ರಜೆ ಪಡೆದು ಬೆಂಗಳೂರಿನಿಂದ ರೈಲು ಹತ್ತಿದ. ಲಂಡನ್ನಿನ 'ಡೈಲಿ ಟೆಲಿಗ್ರಾಫ್'ಗೆ ಅಲ್ಲಿಂದಲೇ ಯುದ್ಧದ ವರದಿ ಕಳಿಸಿದ. 1898ರಲ್ಲಿ ಸುಡಾನ್ ಯುದ್ಧ. ಅಲ್ಲಿ ಕತ್ತಿಯೂ ಅವನದೇ, ಲೇಖನಿಯೂ ಅವನದೇ. ಆ ಯುದ್ಧದ ಬಗ್ಗೆ 1899ರಲ್ಲಿ ಎರಡು ಸಂಪುಟಗಳ ಪುಸ್ತಕ ತಂದಾಗ, ಸುಡಾನಿನ ಧಾರ್ಮಿಕ ನಾಯಕ ಮಹ್ದಿಯ ಗೋರಿಯನ್ನು ಹಾಳುಗೆಡವಿದ ಸೇನಾಪತಿ ಕಿಚನರ್‌ನನ್ನು ಹೆಸರು ಹಿಡಿದು ಖಂಡಿಸಿದ. ತನ್ನದೇ ಸೇನೆಯ ಮುಖ್ಯಸ್ಥನ ಬಗ್ಗೆ ಹಾಗೆ ಬರೆಯಲು ಎಂಥ ಎದೆಗಾರಿಕೆ ಬೇಕು!

ಅದೇ ವರ್ಷ 'ಮಾರ್ನಿಂಗ್ ಪೋಸ್ಟ್'ನ ವರದಿಗಾರನಾಗಿ ದಕ್ಷಿಣ ಆಫ್ರಿಕಕ್ಕೆ ಹೋದ, ಬ್ರಿಟಿಷರೊಡನೆ ಕಾದುತ್ತಿದ್ದ ಡಚ್ ಮೂಲದ ಬೋಯರರ ಕೈಗೆ ಸಿಕ್ಕ, ಪ್ರಿಟೋರಿಯಾದ ಸೆರೆಯಿಂದ ಗೋಡೆ ಹಾರಿ ಪಾರಾದ. ಊರಿಗೆ ಮರಳುವಾಗ ಮನೆಮಾತಾಗಿದ್ದ. ಹಿಂದೊಮ್ಮೆ ಸೋಲಿಸಿದ್ದ ಓಲ್ಡಮ್ ಕ್ಷೇತ್ರವೇ 1900ರಲ್ಲಿ ಅವನನ್ನು ಪಾರ್ಲಿಮೆಂಟಿಗೆ ಕಳಿಸಿತು.

1902ರಲ್ಲಿ ಸುಡಾನ್ ಪುಸ್ತಕ ಒಂದೇ ಸಂಪುಟವಾಗಿ ಮತ್ತೆ ಅಚ್ಚಾಯಿತು. ಪುಸ್ತಕ ಮೊಟಕಾದಾಗ ಪುಟ ಕಡಿಮೆಯಾಗುವುದು ಸಹಜ. ಆದರೆ ಕಿಚನರ್‌ ಮೇಲಿನ ಕಟುಮಾತುಗಳೂ ಅದರಲ್ಲಿ ಇರಲಿಲ್ಲ. ವರದಿಗಾರ ಕಂಡದ್ದನ್ನು ಪಾರ್ಲಿಮೆಂಟ್ ಸದಸ್ಯ ಕೈಬಿಟ್ಟ. ಇದು ನನಗೆ ಇವತ್ತಿಗೂ ನೋವಿನ ಸಂಗತಿ.

ಇನ್ನು 1926ರ ಮೇ ತಿಂಗಳು. ಗಣಿ ಕಾರ್ಮಿಕರಿಗೆ ಬೆಂಬಲವಾಗಿ ಬ್ರಿಟನ್ನಿನಲ್ಲಿ ಸಾರ್ವತ್ರಿಕ ಮುಷ್ಕರ. ಮುದ್ರಣದ ಕೆಲಸಗಾರರೂ ಕೈಕಟ್ಟಿ ಕೂತಿದ್ದರಿಂದ ಪತ್ರಿಕೆಗಳು ನಿಂತುಹೋದವು. ಆಗ ಹಣಕಾಸು ಮಂತ್ರಿಯಾಗಿದ್ದ ಚರ್ಚಿಲ್ 'ಬ್ರಿಟಿಷ್ ಗೆಜೆಟ್' ಎಂಬ ಸರ್ಕಾರಿ ಪತ್ರಿಕೆಯನ್ನು ನಡೆಸಿದರು. ಇದ್ದ ಕಾಗದದ ದಾಸ್ತಾನನ್ನೂ ಅದಕ್ಕೇ ವಶಪಡಿಸಿಕೊಂಡರು. ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಎರಡೂ ಕಡೆಯವರು ರಾಜಿಗೆ ಬರಲೆಂದು ಮನವಿ ಮಾಡಿದಾಗ, ಆ ಮನವಿಗೆ ಗೆಜೆಟ್‌ನಲ್ಲಿ ಮೊದಲಿಗೆ ಜಾಗ ಸಿಗಲಿಲ್ಲ.

ಬಾನುಲಿಯ ಮುಂದೆ ಕೂತು ಹೇಳುತ್ತಿರುವುದರಿಂದ ಇದನ್ನೂ ಹೇಳಲೇಬೇಕು. ಬಿಬಿಸಿಯನ್ನು ಸರ್ಕಾರ ತನ್ನ ಕೈಗೆ ತೆಗೆದುಕೊಳ್ಳಬೇಕೆಂದು ಚರ್ಚಿಲ್ ಪಟ್ಟು ಹಿಡಿದಿದ್ದರು. ಪ್ರಧಾನಿ ಬಾಲ್ಡ್ವಿನ್ ಒಪ್ಪಲಿಲ್ಲ. ಬಿಬಿಸಿಯೂ ಆರ್ಚ್‌ಬಿಷಪ್ಪರ ಮಾತನ್ನು ಮೊದಲು ತಡೆಹಿಡಿಯಿತು, ಅಳುಕಿನಿಂದಲೇ. ಕೆಲವು ದಿನ ಕಳೆದ ಮೇಲೆ ಆ ಮನವಿ ಗಾಳಿಯಲ್ಲಿ ತೇಲಿ ಬಂತು.