ಆಡುಮಾತಿಗೆ ಹೆಜ್ಜೆ ಕಟ್ಟುವ ಬಗೆ

ಕೇಳುಗರಿಗೆ ನಮಸ್ಕಾರ.

ಹಾಡಿಲ್ಲದೆ, ಬರೀ ಆಡುಮಾತನ್ನು ಇಟ್ಟುಕೊಂಡು ನೃತ್ಯ ಕಟ್ಟಲು ಹೊರಟವರಿಗೆ ಮೊದಲು ಎದುರಾಗುವುದು ತಾಳದ ತೊಡಕು. ಕೋಲಾರದ ಕಡೆ ಎಲ್ಲರ ಬಾಯಲ್ಲೂ ಇರುವ ಒಂದು ಮಾತನ್ನೇ ತೆಗೆದುಕೊಳ್ಳೋಣ: ಮಳೆ ಬರಲಿಲ್ಲ.

ಲಘುವಿಗೆ 1, ಗುರುವಿಗೆ 2 ಎಂದು ಎಣಿಸಿ. ಮ, ಳೆ, ಬ, ರ, ನಾಲ್ಕೂ ಲಘು. ಮುಂದೆ ಒತ್ತಕ್ಷರ ಇರುವುದರಿಂದ ಲಿ ಗುರು. ಕೊನೆಯದು ಲಘು. ಒಟ್ಟು 7 ಮಾತ್ರೆ. ಏಳು ಎಂದ ಕೂಡಲೇ ಭರತನಾಟ್ಯ ಕಲಿತ ಕಾಲು ಮಿಶ್ರಚಾಪು ಎಂಬ ಏಳು ಮಾತ್ರೆಯ ತಾಳಕ್ಕೆ ಹೊರಟುಬಿಡುತ್ತದೆ: ತಕಿಟ ತಕಧಿಮಿ. ಎಡವುವುದು ಇಲ್ಲೇ. ಮೊದಲ ಮೂರಕ್ಕೆ ‘ಮಳೆಬ’ ಸಿಗುತ್ತದೆ, ಉಳಿದ ನಾಲ್ಕಕ್ಕೆ ‘ರಲಿಲ್ಲ’. ಲೆಕ್ಕ ಸರಿಯಾಯಿತು, ಮಾತು ಮುರಿಯಿತು. ಅದನ್ನೇ ತಿರುಗಿಸಿ ತಕಧಿಮಿ ತಕಿಟ ಎನ್ನಿ. ‘ಮಳೆ ಬರ’ ನಾಲ್ಕು, ‘ಲಿಲ್ಲ’ ಮೂರು. ಸಂಗೀತದವರು ಇದನ್ನು ವಿಲೋಮ ಚಾಪು ಎನ್ನುತ್ತಾರೆ. ಕೂತಲ್ಲೇ ತೊಡೆ ತಟ್ಟಿ ನೋಡಿ, ಗೊತ್ತಾಗುತ್ತದೆ.

ಮನೆಯಲ್ಲಿ ಯಾರೂ ‘ಬರಲಿಲ್ಲ’ ಎಂದು ಬಿಡಿಸಿ ಹೇಳುವುದಿಲ್ಲ, ‘ಬರ್ಲಿಲ್ಲ’ ಅನ್ನುತ್ತಾರೆ. ಆಗಲೂ ಮಾತ್ರೆ ಏಳೇ. ಆದರೆ ಬ, ರ ಎಂದು ಎರಡು ಸಲ ತಟ್ಟುತ್ತಿದ್ದ ಕಾಲು ‘ಬರ್’ ಎಂದು ಒಮ್ಮೆ ತಟ್ಟಿ ಒಂದು ಮಾತ್ರೆ ನಿಲ್ಲಬೇಕು. ಹೆಜ್ಜೆಗೆ ಆಡುಮಾತಿನ ತೂಕ ಬರುವುದು ಆ ನಿಲುಗಡೆಯಿಂದ. ‘ಬರಲಿಲ್ಲವಾ’ ಎಂದು ಕೇಳಿದರೆ ಎಣಿಕೆ 9ಕ್ಕೆ ಏರುತ್ತದೆ. ಮುಳಬಾಗಿಲು, ಶ್ರೀನಿವಾಸಪುರದ ಎಷ್ಟೋ ಮನೆಗಳಲ್ಲಿ ಇದೇ ಮಾತು ತೆಲುಗಿನಲ್ಲಿ ‘ವಾನ ರಾಲೇದು’. ಅದಕ್ಕೆ 8, ಮೂರು ಮತ್ತು ಐದು. ಇಲ್ಲಿ ಮೂರು ದೀರ್ಘಗಳಿವೆ, ಹಾಗಾಗಿ ಮೈ ಮೂರು ಕಡೆ ತಂಗುತ್ತದೆ. ಎರಡು ಭಾಷೆಯನ್ನೂ ಎಂಟರ ಎಣಿಕೆಯ ಒಂದೇ ಆದಿತಾಳದಲ್ಲಿ ಕೂರಿಸಬೇಕೆಂದರೆ ಕನ್ನಡದ ಏಳಕ್ಕೆ ಒಂದು ಖಾಲಿ ಮಾತ್ರೆ ಸೇರಿಸಿ. ಅದನ್ನು ನಡುವೆ ತುರುಕಬೇಡಿ, ‘ಇಲ್ಲ’ ಮುಗಿದ ಮೇಲೆ ಇಡಿ.

ಇನ್ನು ಕೈ. ಮಳೆಗೆ ಪತಾಕ ಹಸ್ತಗಳನ್ನು, ಅಂದರೆ ಬೆರಳು ಜೋಡಿಸಿ ಚಾಚಿದ ಅಂಗೈಗಳನ್ನು, ಮೇಲಿನಿಂದ ಬೆರಳು ಅಲುಗಿಸುತ್ತ ಇಳಿಸುವುದು ರೂಢಿ. ಪದಕ್ಕೊಂದು ಮುದ್ರೆಯಂತೆ ಮಳೆ, ಬರುವಿಕೆ, ನಿರಾಕರಣೆ ಎಂದು ಮೂರು ಹಸ್ತ ಹಿಡಿದರೆ ನೋಡುವವರಿಗೆ ಕಾಣುವುದು ಮಳೆ ಬಂದದ್ದು. ಕನ್ನಡದಲ್ಲಿ ‘ಇಲ್ಲ’ ಬರುವುದೇ ಕೊನೆಗೆ, ಅಷ್ಟರಲ್ಲಿ ಕೈ ಮಳೆ ಸುರಿಸಿ ಆಗಿರುತ್ತದೆ! ಬದಲಿಗೆ ‘ಮಳೆ’ ಎಂಬಲ್ಲಿ ಕಣ್ಣು ಮಾತ್ರ ಮೇಲೇರಲಿ. ‘ಬರ’ ಎಂಬಲ್ಲಿ ಕೈ ಹೆಗಲಮಟ್ಟಕ್ಕೆ ಬಂದು ತಡೆಯಲಿ. ‘ಲಿಲ್ಲ’ದ ಮೂರು ಮಾತ್ರೆಗಳಲ್ಲಿ ಮಂಡಿ ಸಡಿಲವಾಗಿ ಭಾರ ಹಿಮ್ಮಡಿಗೆ ಇಳಿಯಲಿ. ಕೈ ಹೋದಲ್ಲಿ ಕಣ್ಣು ಹೋಗಬೇಕೆಂಬ ಅಭಿನಯದರ್ಪಣ ಎಂಬ ಹಳೆಯ ನಾಟ್ಯಗ್ರಂಥದ ಸೂತ್ರ ಇಲ್ಲಿ ಮುರಿಯುತ್ತದೆ. ಮುರಿಯಲಿ. ಆಡುಮಾತಿನಲ್ಲಿ ಕಣ್ಣೇ ಮೊದಲು ಹೊರಡುವುದು.

ಕುಣಿಯುವವರೇ ಮಾತೂ ಆಡುವುದಾದರೆ ನಿಮಿಷಕ್ಕೆ 60 ಮಾತ್ರೆಯಿಂದ ಶುರುಮಾಡಿ. ಆಗ ವಾಕ್ಯಕ್ಕೆ 7 ಸೆಕೆಂಡು ಹಿಡಿಯುತ್ತದೆ, ಮಾತು ರಾಗ ಎಳೆದಂತೆ ಕೇಳುತ್ತದೆ, ಬೇಸರ ಬೇಡ. 240ಕ್ಕೆ ಬಂದಾಗ ವಾಕ್ಯ 2 ಸೆಕೆಂಡಿಗಿಂತ ಕಡಿಮೆಯಲ್ಲಿ ಮುಗಿದು ಮಾತಿನ ಸಹಜ ವೇಗಕ್ಕೆ ಹತ್ತಿರವಾಗುತ್ತದೆ. ಆ ವೇಗದಲ್ಲಿ ಪ್ರತಿ ಮಾತ್ರೆಗೂ ಕಾಲು ತಟ್ಟಲು ಹೋದರೆ ಮಾತು ಮುಚ್ಚಿಹೋಗುತ್ತದೆ. 1, 3, 5ನೇ ಮಾತ್ರೆಗೆ ಮಾತ್ರ ತಟ್ಟಿದರೆ ಸಾಕು. ಅರಮಂಡಿಯಲ್ಲಿ, ಅಂದರೆ ಮಂಡಿ ಹೊರಕ್ಕೆ ಬಾಗಿಸಿ ಅರ್ಧ ಕೂತ ನಿಲುವಿನಲ್ಲಿ, ಪಾದ ಜೋರಾಗಿ ಬಡಿದಾಗ ಹೊಟ್ಟೆ ಬಿಗಿದು ದನಿ ನಡುಗುತ್ತದೆ. ಉಸಿರನ್ನು ಮೊದಲ ಮಾತ್ರೆಗೆ ಮುಂಚೆಯೇ ಎಳೆದುಕೊಳ್ಳಿ, ತಟ್ಟನ್ನು ಅರ್ಧಕ್ಕೆ ಇಳಿಸಿ.

ವಾದ್ಯಕ್ಕೆ ಮೃದಂಗವೇ ಆಗಬೇಕೆಂದಿಲ್ಲ. ತಮಟೆಗೆ 2023ರಲ್ಲಿ ಪದ್ಮಶ್ರೀ ತಂದ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರು ಪಕ್ಕದ ಚಿಕ್ಕಬಳ್ಳಾಪುರ ಜಿಲ್ಲೆಯವರು. ಆದರೆ ತಮಟೆಯ ಸದ್ದಿನಡಿ ಮಾತು ಕೇಳಿಸದು. ಹಾಗಾಗಿ ವಾಕ್ಯ ನಡೆಯುವಾಗ ಅದು ಸುಮ್ಮನಿರಲಿ, ಆ ಎಂಟನೇ ಖಾಲಿ ಮಾತ್ರೆಗೆ ಒಂದೇ ಪೆಟ್ಟು ಬೀಳಲಿ. ಚರ್ಮದ ತಮಟೆ ಥಂಡಿಗೆ ಸಡಿಲವಾಗಿ ದನಿ ಕುಗ್ಗುತ್ತದೆ, ಪ್ರದರ್ಶನಕ್ಕೆ ಮುಂಚೆ ಬೆಂಕಿಗೆ ಹಿಡಿದು ಕಾಯಿಸಿ.

ಕೋಲಾರದ ತೇರಹಳ್ಳಿ ಬೆಟ್ಟದ ಮೇಲಿನ ಆದಿಮ ಸಾಂಸ್ಕೃತಿಕ ಕೇಂದ್ರದಂಥ ಬಯಲು ಜಾಗದಲ್ಲಿ ಮಾಡುವುದಾದರೆ ಇನ್ನೊಂದು ಮಾತು. ವಾಕ್ಯದ ಕೊನೆಯ ಲಘು ಗಾಳಿಗೆ ಹಾರಿಹೋದರೆ ಮಳೆ ಬಂತೋ ಇಲ್ಲವೋ ಎಂಬುದೇ ತಿಳಿಯುವುದಿಲ್ಲ. ಗಾಳಿ ಬರುವ ದಿಕ್ಕಿಗೆ ಬೆನ್ನು ಮಾಡಿ ನಿಲ್ಲಿ, ಪ್ರೇಕ್ಷಕರನ್ನು ಎದುರಿಗೆ ಕೂರಿಸಿ.

ನಮಸ್ಕಾರ.