ನೆಗಡಿಗೆ ಕೋಲಾರದ ಹೆಸರುಗಳು

ಕೇಳುಗರಿಗೆ ನಮಸ್ಕಾರ. ಮಾರ್ಗಶಿರದ ಇಬ್ಬನಿ ಬೀಳತೊಡಗಿತೆಂದರೆ ಕೋಲಾರ ಜಿಲ್ಲೆಯ ಆರೋಗ್ಯ ಕೇಂದ್ರಗಳ ಜಗಲಿಯಲ್ಲಿ ಒಂದೇ ಕಾಯಿಲೆಯ ಹೆಸರು ನಾಲ್ಕು ಭಾಷೆಗಳಲ್ಲಿ ಕಿವಿಗೆ ಬೀಳುತ್ತದೆ. ಕನ್ನಡದವರು ನೆಗಡಿ ಎಂದೋ ಶೀತ ಎಂದೋ ಹೇಳುವುದನ್ನು ಮುಳಬಾಗಿಲು, ಶ್ರೀನಿವಾಸಪುರದ ತೆಲುಗು ಮನೆಗಳಲ್ಲಿ ಜಲುಬು, ಪಡಿಶೆಂ ಎನ್ನುತ್ತಾರೆ, ಕೆ.ಜಿ.ಎಫ್.ನ ತಮಿಳರಿಗೆ ಅದು ಜಲದೋಷಂ, ಇಲ್ಲವೇ ಸಳಿ. ಉರ್ದು ಮಾತಿನವರಿಗೆ ಜುಕಾಮ್, ನಜ್ಲಾ.

ಶೀತ ಎಂಬ ಹೆಸರು ಕಾಯಿಲೆಯ ಕಾರಣವನ್ನೇ ಹೇಳಲು ಹೊರಟಿದೆ. ಇಂಗ್ಲಿಷಿನ ಕೋಲ್ಡ್, ಹಿಂದಿಯ ಸರ್ದಿ, ಇಟಲಿಯವರ ರಾಫ್ರೆದ್ದೋರೆ, ಎಲ್ಲವೂ ತಣ್ಣಗಾದದ್ದರಿಂದ ಬಂದ ರೋಗ ಎಂದೇ ಸೂಚಿಸುತ್ತವೆ. ವಾಸ್ತವದಲ್ಲಿ ನೆಗಡಿಯನ್ನು ತರುವುದು ವೈರಾಣುಗಳು. ಅವುಗಳಲ್ಲಿ ಮುಖ್ಯವಾದ ರೈನೋವೈರಸ್‌ನಲ್ಲೇ 160ಕ್ಕೂ ಹೆಚ್ಚು ಬಗೆಗಳಿವೆ. ಆದರೂ ನೆಗಡಿಯಾದ ಮಗುವಿಗೆ ಮೊಸರು, ಬಾಳೆಹಣ್ಣು ಬೇಡವೆನ್ನುವ ನಮ್ಮ ಹಿರಿಯರ ಮಾತಿಗೆ ಶೀತ ಎಂಬ ಹೆಸರೇ ಬಲ ಕೊಡುತ್ತಾ ಬಂದಿದೆ ಎಂದು ನನಗೆ ತೋರುತ್ತದೆ.

ನಜ್ಲಾ ಎಂಬ ಹೆಸರಿನ ಇತಿಹಾಸ ಇನ್ನೂ ದೊಡ್ಡದು. ಅರಬ್ಬಿಯಲ್ಲಿ ಅದರ ಮೂಲಾರ್ಥ ಕೆಳಗಿಳಿಯುವುದು ಎಂದು. ಯುನಾನಿ ವೈದ್ಯರು ಮೂಗಿನಲ್ಲಿ ಸುರಿಯುವುದನ್ನು ಜುಕಾಮ್ ಎಂದು, ಗಂಟಲಿಗೆ ಇಳಿಯುವುದನ್ನು ನಜ್ಲಾ ಎಂದು ಬೇರ್ಪಡಿಸುತ್ತಾರೆ. ಮೂಗು ಗಂಟಲಿನಲ್ಲಿ ಕಫ ಸುರಿಯುವುದಕ್ಕೆ ಯುರೋಪಿನವರು ಬಳಸುವ ಕಟಾರ್ ಎಂಬ ಶಬ್ದಕ್ಕೂ ಗ್ರೀಕ್ ಭಾಷೆಯಲ್ಲಿ ಕೆಳಗೆ ಹರಿಯುವುದು ಎಂದೇ ಅರ್ಥ. ಇದು ಆಕಸ್ಮಿಕವಲ್ಲ, ಯುನಾನಿ ಎಂದರೇ ಗ್ರೀಕರದು, ಮತ್ತು ಪ್ರಾಚೀನ ಗ್ರೀಕ್ ವೈದ್ಯರು ಕಫವು ಮಿದುಳಿನಿಂದ ಮೂಗಿಗೆ ಸೋರುತ್ತದೆಂದು ನಂಬಿದ್ದರು. ಜರ್ಮನಿಯ ವೈದ್ಯ ಕೊನ್ರಾಡ್ ವಿಕ್ಟರ್ ಷ್ನೈಡರ್ 1660ರ ದಶಕದಲ್ಲಿ, ಸಿಂಬಳ ಹುಟ್ಟುವುದು ಮೂಗಿನ ಒಳಪೊರೆಯಲ್ಲೇ ಎಂದು ತೋರಿಸಿ ಆ ನಂಬಿಕೆಯನ್ನು ಕೆಡವಿದ. ನಂಬಿಕೆ ಹೋಯಿತು, ಹೆಸರು ಉಳಿಯಿತು. ತೆಲುಗಿನ ಪಡಿಶೆಂ, ಮರಾಠಿಯ ಪಡಸೆ ಎರಡೂ ಆಯುರ್ವೇದದಲ್ಲಿ ನೆಗಡಿಗಿರುವ ಪ್ರತಿಶ್ಯಾಯ ಎಂಬ ಹೆಸರಿನಿಂದ ಬಂದವು.

ಹೆಸರಿನ ಜೊತೆಗೆ ಬರುವ ಕ್ರಿಯಾಪದವನ್ನೂ ಗಮನಿಸಬೇಕು. ನಮಗೆ ನೆಗಡಿ ಆಗುತ್ತದೆ. ತೆಲುಗಿನವರಿಗೆ "ಜಲುಬು ಚೇಸಿಂದಿ", ಅಂದರೆ ಮಾಡಿದೆ. ತಮಿಳರನ್ನು ಅದು ಹಿಡಿಯುತ್ತದೆ.

ಇಷ್ಟು ಹೇಳಿದ ಮೇಲೆ, ನಮ್ಮ ಜಿಲ್ಲೆಯ ಮಟ್ಟಿಗೆ ಇದು ಕೇವಲ ಪಾಂಡಿತ್ಯದ ವಿಷಯವಲ್ಲ ಎಂಬುದನ್ನು ಒತ್ತಿ ಹೇಳಬೇಕಾಗಿದೆ. ಬಂಗಾರಪೇಟೆಯ ಕಡೆಯ ತಮಿಳು ತಾಯಿಯೊಬ್ಬಳು ಕೂಸನ್ನು ಎತ್ತಿಕೊಂಡು ಬಂದು "ಸಳಿ ಪಿಡಿಚ್ಚಿರುಕ್ಕು" ಎಂದರೆ, ಕನ್ನಡ ಮಾತ್ರ ಬಲ್ಲ ದಾದಿಯ ಕಿವಿಗೆ ಅದು ಚಳಿ ಎಂದು ಕೇಳಿಸುವುದು ಸಹಜ. ತೆಲುಗಿನ ಚಲಿಯೂ ನಮ್ಮ ಚಳಿಯೇ. ಆದರೆ ತಮಿಳಿನ ಸಳಿ ಎಂದರೆ ಕಫ, ನೆಗಡಿ. ಚಳಿ ಎಂದು ಬರೆದುಕೊಂಡರೆ ವೈದ್ಯರ ಯೋಚನೆ ನಡುಕದತ್ತ, ಚಳಿಜ್ವರದತ್ತ, ರಕ್ತಪರೀಕ್ಷೆಯತ್ತ ಹರಿಯುತ್ತದೆ. ತಾಯಿ ಹೇಳುತ್ತಿರುವುದೋ ಎದೆಯಲ್ಲಿ ಗೊರಗೊರ ಎನ್ನುವ ಕಫದ ವಿಷಯ. ಎಳೆಯ ಕೂಸಿನ ಎದೆ ಕಟ್ಟಿದ್ದರೆ ಉಸಿರಿನ ವೇಗವನ್ನು ಎಣಿಸುವುದು ಮೊದಲ ಕೆಲಸ, ಏಕೆಂದರೆ ನ್ಯುಮೋನಿಯಾದ ಸುಳಿವು ಸಿಗುವುದು ಅಲ್ಲಿ.

ಆದ್ದರಿಂದ ಆಶಾ ಕಾರ್ಯಕರ್ತೆಯರಲ್ಲೂ ದಾದಿಯರಲ್ಲೂ ನನ್ನದೊಂದು ವಿನಂತಿ. ರೋಗಿ ಹೇಳಿದ ಹೆಸರನ್ನು ಕೇಳಿದ ಕೂಡಲೇ ಕನ್ನಡಕ್ಕೆ ತಿರುಗಿಸಿಕೊಳ್ಳದೆ, ಮೂಗು ಸೋರುತ್ತಿದೆಯೇ, ಮೈ ನಡುಗುತ್ತಿದೆಯೇ, ಎದೆಯಲ್ಲಿ ಸದ್ದಿದೆಯೇ ಎಂದು ಕೈಸನ್ನೆಯಿಂದಲಾದರೂ ಕೇಳಿ, ಆಮೇಲೆ ಚೀಟಿಯಲ್ಲಿ ಬರೆಯಿರಿ. ನಮಸ್ಕಾರ.